ಬಾಗಿಲಲ್ಲಿ ಕೇಳುವ ಪ್ರಶ್ನೆ
(ಬಾನುಲಿ ಭಾಷಣದ ಬರಹರೂಪ)

ನಿವೃತ್ತನಾದ ಮೇಲೆ ನನಗೊಂದು ಹೊಸ ಕೆಲಸ ಅಂಟಿಕೊಂಡಿದೆ. ನಮ್ಮ ತಾಲ್ಲೂಕು ಕೇಂದ್ರದ ಪದವಿಪೂರ್ವ ಕಾಲೇಜಿನಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ಶನಿವಾರಗಳಂದು ಒಂದು ಗಂಟೆ ಪಾಠ ಹೇಳುತ್ತೇನೆ. ಪಾಠವೆಂದರೆ ಪಂಪನೂ ಅಲ್ಲ, ಕುಮಾರವ್ಯಾಸನೂ ಅಲ್ಲ. ಉದ್ಯೋಗಕ್ಕಾಗಿ ನಡೆಯುವ ಸಂದರ್ಶನಕ್ಕೆ ಹೇಗೆ ಸಿದ್ಧರಾಗಬೇಕೆಂಬುದು. ಮೂವತ್ತೈದು ವರ್ಷ ಹಳಗನ್ನಡವನ್ನು ಬೋಧಿಸಿದವನಿಗೆ ಇದು ಎಲ್ಲಿಯ ಕೆಲಸವೆಂದು ಗೆಳೆಯರು ಹಾಸ್ಯ ಮಾಡುವುದುಂಟು. ಪ್ರಾಂಶುಪಾಲರು ಬಂದು ಕೇಳಿದಾಗ ಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ. ಅದಕ್ಕೆ ಕಾರಣವಾದ ಒಂದು ಹಳೆಯ ಸಾಲ ನನ್ನ ಮೇಲಿದೆ. ಅದನ್ನು ಮುಂದೆ ಹೇಳುತ್ತೇನೆ.

ಪಾಠಕ್ಕೆ ಸಿದ್ಧತೆ ನಡೆಸುವಾಗ ಮೇಷ್ಟರ ಚಟ ಬಿಡಲಿಲ್ಲ. ಮೊದಲು ಈ ಸಂದರ್ಶನವೆಂಬುದರ ಚರಿತ್ರೆಯೇನು ಎಂದು ಹುಡುಕತೊಡಗಿದೆ. ಒಬ್ಬನನ್ನು ಎದುರಿಗೆ ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿ, ಇವನು ಯೋಗ್ಯ, ಇವನು ಅಯೋಗ್ಯ ಎಂದು ತೀರ್ಮಾನಿಸುವ ಅಧಿಕಾರ ಯಾರಿಗೆ, ಎಂದಿನಿಂದ, ಹೇಗೆ ಬಂತು? ಹುಡುಕುತ್ತ ಹೋದರೆ ದಾರಿ ಬಹಳ ಹಿಂದಕ್ಕೆ ಎಳೆದುಕೊಂಡು ಹೋಯಿತು.

ಮೈಸೂರಿನಲ್ಲಿ 1891ರಲ್ಲಿ ಎರಡು ಘಟನೆಗಳು ನಡೆದವು. ಓರಿಯೆಂಟಲ್ ಲೈಬ್ರರಿ ಎಂಬ ಪ್ರಾಚ್ಯ ಪುಸ್ತಕಾಲಯ ಸ್ಥಾಪನೆಯಾಯಿತು. ಅದೇ ವರ್ಷ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾತ್ಮಕ ಪರೀಕ್ಷೆ ಮೊದಲಾಯಿತು. ಒಂದು ತಾಳೆಗರಿಗಳ ಮನೆ, ಇನ್ನೊಂದು ಅಮಲ್ದಾರರ ಹೆಬ್ಬಾಗಿಲು. ಒಂದಕ್ಕೊಂದು ಸಂಬಂಧವಿಲ್ಲವೆಂದೇ ಯಾರಿಗಾದರೂ ತೋರಬೇಕು. ಆದರೆ ಕೆಲವು ವರ್ಷಗಳ ಬಳಿಕ, 1905ರಲ್ಲಿ, ಆ ಪುಸ್ತಕಾಲಯದಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳ ಕೈಗೆ ಗ್ರಂಥಲಿಪಿಯ ಒಂದು ತಾಳೆಗರಿಯ ಕಟ್ಟು ಬಂದಿತು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಅದರ ಮೂಲವನ್ನು ಅವರು 1909ರಲ್ಲಿ ಅಚ್ಚು ಹಾಕಿಸಿದರು. ಹೆಸರಷ್ಟೇ ಉಳಿದು ಮರೆಯಾಗಿದ್ದ ಗ್ರಂಥವೊಂದು ನಮ್ಮ ಮೈಸೂರಿನಿಂದ ಲೋಕಕ್ಕೆ ಮರಳಿ ದೊರೆಯಿತು.

ಅರ್ಥಶಾಸ್ತ್ರವೆಂದೊಡನೆ ಎಲ್ಲರೂ ಗೂಢಚಾರರನ್ನೂ ವಿಷಕನ್ಯೆಯರನ್ನೂ ನೆನೆಯುತ್ತಾರೆ. ನನ್ನ ಗಮನ ನಿಂತದ್ದು ಅದರ ಮೊದಲ ಅಧಿಕರಣದಲ್ಲಿ, ಮಂತ್ರಿಯಾಗತಕ್ಕವನನ್ನು ಹೇಗೆ ಪರೀಕ್ಷಿಸಬೇಕೆಂದು ಹೇಳುವ ಭಾಗದಲ್ಲಿ. ಅಭ್ಯರ್ಥಿ ಹುಟ್ಟಿದ ನಾಡು, ಮನೆತನಗಳನ್ನು ಅವನನ್ನು ಬಲ್ಲ ಆಪ್ತರಿಂದ ತಿಳಿಯಬೇಕು. ಅವನ ವಿದ್ಯೆಯನ್ನು ಅದೇ ವಿದ್ಯೆ ಕಲಿತವರಿಂದ ಅಳೆಯಬೇಕು. ಬುದ್ಧಿ, ಸ್ಮರಣೆ, ದಕ್ಷತೆಗಳನ್ನು ಕೆಲಸಕ್ಕೆ ಹಚ್ಚಿ ನೋಡಬೇಕು. ಉತ್ಸಾಹವೂ ಕಷ್ಟಸಹಿಷ್ಣುತೆಯೂ ಆಪತ್ತಿನಲ್ಲಿ ಕಾಣುತ್ತವೆ. ಶುಚಿತ್ವ, ಸ್ನೇಹಗಳು ವ್ಯವಹಾರದಲ್ಲಿ ಗೊತ್ತಾಗುತ್ತವೆ. ಶೀಲ, ಆರೋಗ್ಯಗಳನ್ನು ಜೊತೆಯಲ್ಲಿ ಬಾಳಿದವರು ಹೇಳಬೇಕು. ಹಾಗಾದರೆ ಎದುರು ಕೂರಿಸಿಕೊಂಡು ಮಾತನಾಡಿಸುವುದರಿಂದ ತಿಳಿಯುವುದೇನು? ಕೌಟಿಲ್ಯ ಮೂರನ್ನು ಮಾತ್ರ ಹೇಳುತ್ತಾನೆ: ವಾಗ್ಮಿತೆ, ಎದೆಗಾರಿಕೆ, ಸಮಯಸ್ಫೂರ್ತಿ.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತೆ. ಗುಣಗಳ ಅಷ್ಟು ದೊಡ್ಡ ಪಟ್ಟಿಯಲ್ಲಿ ಮಾತಿನಿಂದ ಅಳೆಯಬಹುದಾದದ್ದು ಮೂರೇ. ಉಳಿದವಕ್ಕೆಲ್ಲ ಬೇರೆ ಬೇರೆ ಒರೆಗಲ್ಲುಗಳಿವೆ. ನಾವೋ ಹತ್ತು ನಿಮಿಷದ ಮಾತಿನಲ್ಲಿ ಎಲ್ಲವನ್ನೂ ಕಂಡುಬಿಟ್ಟೆವೆಂದು ನಂಬಿದವರು.

ನಮ್ಮ ಸಾಹಿತ್ಯದಲ್ಲೇ ಒಂದು ಮಹಾಸಂದರ್ಶನದ ಚಿತ್ರವಿದೆ. ಹನ್ನೆರಡನೆಯ ಶತಮಾನದ ಶರಣರ ಸಂವಾದಗಳನ್ನು ಹದಿನೈದನೆಯ ಶತಮಾನದಲ್ಲಿ ಜೋಡಿಸಿ ಕಟ್ಟಿದ ‘ಶೂನ್ಯಸಂಪಾದನೆ’ಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಅವಳನ್ನು ಒಳಕ್ಕೆ ಬಿಡದೆ ಪ್ರಶ್ನಿಸುತ್ತಾನೆ. ಪ್ರಶ್ನೆಗಳು ಕಠಿಣ, ಕೆಲವು ಕ್ರೂರವೆನ್ನುವಷ್ಟು ಕಠಿಣ. ಆದರೆ ಆ ಪ್ರಶ್ನೆಗಳಿಗೆ ಅವಳನ್ನು ಕುಗ್ಗಿಸುವ ಉದ್ದೇಶವಿಲ್ಲ; ಅವಳೊಳಗಿನ ಬೆಳಕು ನೆರೆದವರಿಗೆಲ್ಲ ಕಾಣಲಿ ಎಂಬ ಉದ್ದೇಶವಿದೆ. ಕೊನೆಗೆ ಪ್ರಶ್ನಿಸಿದವನೇ ಅವಳನ್ನು ಕೊಂಡಾಡುತ್ತಾನೆ. ಪರೀಕ್ಷಕನ ಸ್ಥಾನದಲ್ಲಿ ಕೂರುವವರೆಲ್ಲರೂ ಆ ಪ್ರಸಂಗವನ್ನು ಒಮ್ಮೆ ಓದಿ ಬಂದರೆ ಒಳ್ಳೆಯದೆಂದು ನನಗೆ ಅನೇಕ ಸಲ ಅನ್ನಿಸಿದೆ.

ಅದಿರಲಿ. ಶರಣರ ಅಂಗಳವನ್ನು ಬಿಟ್ಟು ಸರ್ಕಾರದ ಕಚೇರಿಗೆ ಬಂದರೆ ಚಿತ್ರವೇ ಬೇರೆ. ನಮ್ಮ ಹಳ್ಳಿಗಳಲ್ಲಿ ಲೆಕ್ಕ ಬರೆಯುವ ಶಾನುಭೋಗನನ್ನು ಯಾರೂ ಸಂದರ್ಶಿಸುತ್ತಿರಲಿಲ್ಲ. ಶಾಸನಗಳಲ್ಲಿ ಬರುವ ಸೇನಬೋವನೇ ಅವನು. ತಂದೆಯ ಕಡತದ ಗಂಟು ಮಗನಿಗೆ ಬರುತ್ತಿತ್ತು. ಪಟೇಲನ ಕೋಲೂ ಹಾಗೆಯೇ. ವಂಶಪಾರಂಪರ್ಯದ ಈ ಗ್ರಾಮಾಧಿಕಾರಗಳನ್ನು ರದ್ದುಪಡಿಸುವ ಶಾಸನ ನಮ್ಮಲ್ಲಿ ಬಂದದ್ದು 1961ರಲ್ಲಿ. ಅಲ್ಲಿಯವರೆಗೆ ಹಳ್ಳಿಯ ಮಟ್ಟದಲ್ಲಿ ‘ನೀನು ಏನು ಬಲ್ಲೆ’ ಎಂಬ ಪ್ರಶ್ನೆಗಿಂತ ‘ನೀನು ಯಾರ ಮಗ’ ಎಂಬ ಪ್ರಶ್ನೆಯೇ ದೊಡ್ಡದಾಗಿತ್ತು.

ಕಚೇರಿಗಳಲ್ಲಿ ಇನ್ನೊಂದು ದಾರಿಯಿತ್ತು: ಉಮೇದುವಾರಿಕೆ. ಪಾರಸಿಯಲ್ಲಿ ‘ಉಮೇದ್’ ಎಂದರೆ ಆಸೆ. ಆಸೆಯನ್ನು ಕಟ್ಟಿಕೊಂಡವನು ಉಮೇದುವಾರ. ಸಂಬಳವಿಲ್ಲದೆ ಕಚೇರಿಯ ಮೂಲೆಯಲ್ಲಿ ಕುಳಿತು ನಕಲು ಮಾಡುತ್ತ, ಹಿರಿಯ ಗುಮಾಸ್ತನ ಕಣ್ಣಿಗೆ ಬೀಳುತ್ತ, ಎಂದಾದರೊಂದು ದಿನ ಜಾಗ ತೆರವಾದೀತೆಂದು ಕಾಯುತ್ತಿದ್ದವರು ಈ ಉಮೇದುವಾರರು. ಇದರಲ್ಲಿ ಕೌಟಿಲ್ಯ ಹೇಳಿದ ಒಂದು ನ್ಯಾಯವೂ ಇತ್ತು. ಕೆಲಸಕ್ಕೆ ಹಚ್ಚಿ ನೋಡಿದಂತಾಗುತ್ತಿತ್ತು. ಆದರೆ ತಿಂಗಳುಗಟ್ಟಲೆ ಸಂಬಳವಿಲ್ಲದೆ ಕೂರಲು ಮನೆಯಲ್ಲಿ ಅನ್ನವಿರಬೇಕಲ್ಲ! ಆಸೆ ಪಡುವುದಕ್ಕೂ ಆಸ್ತಿ ಬೇಕಾಗಿದ್ದ ಕಾಲ ಅದು. ಇಂದು ಚುನಾವಣೆಗೆ ನಿಂತವರನ್ನು ಉಮೇದುವಾರರೆನ್ನುತ್ತೇವೆ. ಆ ಮಾತಿನ ಹಿಂದೆ ಕಾದು ಸವೆದ ಎಷ್ಟೋ ಯುವಕರ ನಿಟ್ಟುಸಿರಿದೆ.

ಇದಕ್ಕೆ ಪರಿಹಾರವೆಂಬಂತೆ ಬಂದದ್ದು ಲಿಖಿತ ಪರೀಕ್ಷೆ. ಮೆಕಾಲೆಯ ಅಧ್ಯಕ್ಷತೆಯ ಸಮಿತಿ 1854ರಲ್ಲಿ ವರದಿ ಕೊಟ್ಟ ಮೇಲೆ, 1855ರಿಂದ ಇಂಡಿಯನ್ ಸಿವಿಲ್ ಸರ್ವಿಸಿಗೆ ಲಂಡನ್ನಿನಲ್ಲಿ ಬಹಿರಂಗ ಪರೀಕ್ಷೆ ನಡೆಯತೊಡಗಿತು. ಅದರಲ್ಲಿ ತೇರ್ಗಡೆಯಾದ ಮೊದಲ ಭಾರತೀಯ ರವೀಂದ್ರನಾಥರ ಅಣ್ಣ ಸತ್ಯೇಂದ್ರನಾಥ ಠಾಕೂರರು, 1863ರಲ್ಲಿ. ಶಿಫಾರಸು ಹೋಗಿ ಅಂಕ ಬಂತು. ಆದರೆ ಆ ಅಂಕ ಗಳಿಸಲು ಸಮುದ್ರ ದಾಟಬೇಕಾಗಿತ್ತು. ಪರೀಕ್ಷೆ ಭಾರತದಲ್ಲಿಯೂ ನಡೆಯುವಂತಾಗಲು 1922 ಬರಬೇಕಾಯಿತು.

ಮೈಸೂರಿನ ಪರೀಕ್ಷೆ ನಮ್ಮ ಸಾಹಿತ್ಯಕ್ಕೆ ಪರೋಕ್ಷವಾಗಿ ಮಾಡಿದ ಉಪಕಾರವನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆ ಬಾಗಿಲಿನಿಂದಲೇ ಒಳಹೊಕ್ಕವರು. ಸಂಸ್ಥಾನದ ಊರೂರುಗಳನ್ನು ಅಧಿಕಾರಿಯಾಗಿ ಸುತ್ತಿದ ಅನುಭವ ಅವರ ಕಥೆಗಳಿಗೆ ಹರಿದು ಬಂತು. ಅಷ್ಟಾದರೂ, ಆ ಪರೀಕ್ಷೆಯ ಬಾಗಿಲು ಎಲ್ಲರಿಗೂ ಒಂದೇ ಅಗಲವಾಗಿ ತೆರೆದಿರಲಿಲ್ಲ. ಇಂಗ್ಲಿಷ್ ವಿದ್ಯೆ ಯಾವ ಮನೆಗಳಿಗೆ ಮೊದಲು ಹೊಕ್ಕಿತ್ತೋ ಆ ಮನೆಗಳ ಮಕ್ಕಳೇ ಕಚೇರಿಗಳನ್ನು ತುಂಬಿದರು.

ಈ ಅಸಮತೆಯನ್ನು ವಿಚಾರಿಸಲು 1918ರಲ್ಲಿ ಸಂಸ್ಥಾನದ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವಾದರೂ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಾದರೂ ಬ್ರಾಹ್ಮಣೇತರ ಸಮುದಾಯಗಳವರಿಗೆ ದೊರೆಯಬೇಕೆಂದು ಅದು ಶಿಫಾರಸು ಮಾಡಿತು. ಹಾಗಾದರೆ ಆಡಳಿತದ ದಕ್ಷತೆಯ ಗತಿಯೇನೆಂದು ಆಕ್ಷೇಪವೆದ್ದಿತ್ತು. ಸಮಿತಿ ಅದಕ್ಕೆ ಕೊಟ್ಟ ಉತ್ತರ ನಮ್ಮ ನಾಡಿನ ಚಿಂತನೆಯ ಇತಿಹಾಸದಲ್ಲಿ ನೆನಪಿಡಬೇಕಾದದ್ದು. ದಕ್ಷತೆಯನ್ನು ಪರೀಕ್ಷೆಯ ಅಂಕಗಳಿಂದಷ್ಟೇ ಅಳೆಯಲಾಗದು. ಸಹಾನುಭೂತಿ, ಪ್ರಾಮಾಣಿಕತೆ, ಕಾರ್ಯೋತ್ಸಾಹ, ವ್ಯವಹಾರಜ್ಞಾನಗಳೂ ಒಳ್ಳೆಯ ಅಧಿಕಾರಿಯನ್ನು ರೂಪಿಸುತ್ತವೆ ಎಂಬುದು ಅದರ ಸಾರ. ಅಂಕದಾಚೆಗೂ ಮನುಷ್ಯನಿದ್ದಾನೆ ಎಂದು ಬಾಗಿಲನ್ನು ಅಗಲಗೊಳಿಸಲು ಹೇಳಿದ ಮಾತು ಅದು.

ಆದರೆ ಒಂದೇ ಕೀಲಿಕೈ ಬಾಗಿಲನ್ನು ತೆರೆಯಲೂ ಬರುತ್ತದೆ, ಮುಚ್ಚಲೂ ಬರುತ್ತದೆ. ಅಂಕದಾಚೆಯ ಮನುಷ್ಯನನ್ನು ನೋಡುತ್ತೇವೆಂದು ಹೇಳಿಯೇ ಸಂದರ್ಶನ ಎಲ್ಲೆಡೆಗೂ ಹಬ್ಬಿತು. ಲಂಡನ್ನಿನಲ್ಲಿ 1917ರಲ್ಲಿ ಲೀಥ್ಸ್ ಸಮಿತಿ ಸಿವಿಲ್ ಸರ್ವಿಸಿನ ಪರೀಕ್ಷೆಗೆ ಮೌಖಿಕ ಪರೀಕ್ಷೆಯನ್ನೂ ಸೇರಿಸಬೇಕೆಂದಿತ್ತು. ನಮ್ಮಲ್ಲಿ ಅದು ಶಾಲೆ ಮುಗಿಸಿದ ಮಕ್ಕಳವರೆಗೂ ಇಳಿದು ಬಂತು. 1963ರಲ್ಲಿ ಮೈಸೂರು ಸರ್ಕಾರ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಪಿ.ಯು.ಸಿ. ಅಂಕಗಳ ಜೊತೆಗೆ ಸಂದರ್ಶನಕ್ಕೂ 75 ಅಂಕಗಳನ್ನಿಟ್ಟಿತು. ಸಾಮಾನ್ಯಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ವ್ಯಾಸಂಗ, ಎನ್.ಸಿ.ಸಿ., ಆಟೋಟ, ನಾಟಕ, ಚರ್ಚಾಸ್ಪರ್ಧೆ ಇವೆಲ್ಲ ಅದರ ಅಳತೆಗೋಲುಗಳು. ಹೆಚ್ಚು ಅಂಕ ಪಡೆದೂ ಸಂದರ್ಶನದಲ್ಲಿ ಬಿದ್ದು ಸೀಟು ಕಳೆದುಕೊಂಡೆವೆಂದು ಕೆಲವರು ನ್ಯಾಯಾಲಯಕ್ಕೆ ಹೋದರು. ಚಿತ್ರಲೇಖಾ ಮೊಕದ್ದಮೆಯೆಂದು ಹೆಸರಾದ ಆ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ 1964ರ ಜನವರಿಯಲ್ಲಿ, ಸಂದರ್ಶನದ ದುರುಪಯೋಗಕ್ಕೆ ಆಸ್ಪದವಿದ್ದರೂ ಅದೊಂದೇ ಕಾರಣಕ್ಕೆ ಆ ಪದ್ಧತಿಯನ್ನು ತಳ್ಳಿಹಾಕಲಾಗದೆಂದು ಬಹುಮತದಿಂದ ತೀರ್ಪಿತ್ತಿತು.

ಹದಿನಾರು ವರ್ಷಗಳ ಮೇಲೆ ಅದೇ ನ್ಯಾಯಾಲಯದ ದನಿ ಬದಲಾಯಿತು. ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಪ್ರವೇಶಕ್ಕೆ ಸಂಬಂಧಿಸಿದ ಅಜಯ್ ಹಾಸಿಯಾ ಮೊಕದ್ದಮೆ ಅದು. ತೀರ್ಪು ಬಂದದ್ದು 1980ರ ನವೆಂಬರಿನಲ್ಲಿ. ಅಲ್ಲಿ ನೂರೈವತ್ತು ಅಂಕಗಳಲ್ಲಿ ಐವತ್ತು ಸಂದರ್ಶನಕ್ಕೆ. ಒಬ್ಬೊಬ್ಬರೊಡನೆ ಮಾತನಾಡಿದ್ದು ಎರಡು ಮೂರು ನಿಮಿಷ; ಕೇಳಿದ್ದು ಹೆಚ್ಚಾಗಿ ತಂದೆತಾಯಿಗಳ ವಿಷಯ, ವಾಸಸ್ಥಳದ ವಿಷಯ ಎಂಬುದು ದೂರು. ಇಂಥಲ್ಲಿ ಸಂದರ್ಶನಕ್ಕೆ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ಅಂಕವಿಟ್ಟರೆ ಅದು ಮನಸೋಇಚ್ಛೆಯ ಕ್ರಮವೆಂದು ನ್ಯಾಯಾಲಯ ಹೇಳಿತು. ಸಂದರ್ಶನದ ಮಾತುಕತೆಯನ್ನು ಟೇಪಿನಲ್ಲಿ ಧ್ವನಿಮುದ್ರಿಸಿಕೊಂಡರೆ ಲೇಸೆಂದೂ ಸೂಚಿಸಿತು. ಧ್ವನಿವರ್ಧಕದ ಮುಂದೆ ಕುಳಿತು ಇದನ್ನು ಹೇಳುವಾಗ ನನಗೆ ಸ್ವಲ್ಪ ಮೈ ನಡುಗುತ್ತದೆ. ನಾನು ಪರೀಕ್ಷಕನಾಗಿ ಆಡಿದ ಮಾತುಗಳನ್ನು ಯಾರಾದರೂ ಮುದ್ರಿಸಿಟ್ಟಿದ್ದರೆ?

ಈಗ ಆ ಸಾಲದ ವಿಷಯ. 1996ರ ಬೇಸಿಗೆಯಲ್ಲಿ ಒಂದು ವಿದ್ಯಾಸಂಸ್ಥೆಯ ಪ್ರೌಢಶಾಲೆಗೆ ಕನ್ನಡ ಅಧ್ಯಾಪಕರನ್ನು ಆರಿಸುವ ಸಮಿತಿಗೆ ನನ್ನನ್ನು ವಿಷಯತಜ್ಞನೆಂದು ಕರೆದಿದ್ದರು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಯುವಕ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪ್ರಮಾಣಪತ್ರಗಳು. ಪಂಪನ ಕರ್ಣನ ಬಗ್ಗೆ ಕೇಳಿದೆ. ಅಂದು ಬಂದವರಲ್ಲಿ ಅಷ್ಟು ಚೆನ್ನಾಗಿ ಉತ್ತರಿಸಿದವರು ಇನ್ನೊಬ್ಬರಿರಲಿಲ್ಲ. ಆಮೇಲೆ ಸಮಿತಿಯ ಇನ್ನೊಬ್ಬರು ಮನೆಯ ಕಸುಬೇನೆಂದು ಕೇಳಿದರು. ‘ಅಳ್ಳಿಲಿ ಎರಡು ಅಸು ಇದಾವೆ ಸಾರ್, ಡೈರಿಗೆ ಆಲು ಆಕ್ತೀವಿ’ ಎಂದ. ಸಮಿತಿಯಲ್ಲಿ ಒಂದು ನಗೆ ಹರಿಯಿತು. ಅದು ದೊಡ್ಡ ನಗೆಯಲ್ಲ. ತುಟಿಯ ಅಂಚಿನ ನಗೆ. ಅವನಿಗೆ ಅದು ಗೊತ್ತಾಯಿತು. ಅಲ್ಲಿಂದ ಮುಂದೆ ಅವನು ಮಾತನ್ನು ಅರ್ಧರ್ಧಕ್ಕೆ ನಿಲ್ಲಿಸುತ್ತ ಹೋದ. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಆದರೆ ನನ್ನ ಹಾಳೆಯಲ್ಲಿ ಅವನ ಹೆಸರಿನ ಮುಂದೆ ‘ಉಚ್ಚಾರಣದೋಷ’ ಎಂದು ಬರೆದು ಅಂಕ ಕಡಿಮೆ ಮಾಡಿದ್ದು ಚೆನ್ನಾಗಿ ನೆನಪಿದೆ. ಅವನಿಗೆ ಕೆಲಸ ಸಿಗಲಿಲ್ಲ.

ಕನ್ನಡದ ಅಧ್ಯಾಪಕನಿಗೆ ಶುದ್ಧ ಉಚ್ಚಾರಣೆ ಬೇಕಲ್ಲವೇ ಎಂದು ನೀವು ಕೇಳಬಹುದು. ನಾನೂ ಬಹಳ ದಿನ ಹಾಗೆಂದೇ ಸಮಾಧಾನ ಮಾಡಿಕೊಂಡೆ. ಆದರೆ ಮರುವರ್ಷ ತರಗತಿಯಲ್ಲಿ ಭಾಷೆಯ ಚರಿತ್ರೆಯನ್ನು ಪಾಠ ಮಾಡುತ್ತ, ಹಳಗನ್ನಡದ ಪಕಾರ ಹತ್ತನೆಯ ಶತಮಾನದಿಂದೀಚೆಗೆ ಹಕಾರವಾಗುತ್ತ ಬಂದ ಬಗೆಯನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ: ಪಾಲು, ಹಾಲು, ಪಳ್ಳಿ, ಹಳ್ಳಿ. ಸೀಮೆಸುಣ್ಣ ಕೈಯಲ್ಲೇ ನಿಂತಿತು. ಆ ಸಾಲಿನ ಮುಂದಿನ ಮೆಟ್ಟಿಲು ಆ ಯುವಕನ ‘ಆಲು’ ಅಲ್ಲವೇ? ಪಕಾರ ಹಕಾರವಾದದ್ದನ್ನು ಭಾಷೆಯ ಬೆಳವಣಿಗೆಯೆಂದು ಪಾಠ ಹೇಳಿ ಸಂಬಳ ಪಡೆದ ನಾನು, ಹಕಾರ ಬಿದ್ದುಹೋದದ್ದನ್ನು ದೋಷವೆಂದು ಬರೆದು ಒಬ್ಬನ ಅನ್ನ ಕಳೆದಿದ್ದೆ. ‘ನಾಲಿಗೆ ಕುಲ ಹೇಳಿತು’ ಎಂಬ ಗಾದೆಗೆ ನಾವು ಒಳ್ಳೆಯ ಅರ್ಥವನ್ನೇ ಹೇಳುತ್ತ ಬಂದಿದ್ದೇವೆ. ಅಂದು ಆ ಕೋಣೆಯಲ್ಲಿ ಅದರ ಕೆಟ್ಟ ಅರ್ಥ ನಡೆಯಿತು. ಅವನ ಹೆಸರು ನನಗೆ ಮರೆತಿದೆ, ಧ್ವನಿ ಮರೆತಿಲ್ಲ.

ಇಷ್ಟರಿಂದ ಸಂದರ್ಶನವೇ ಬೇಡವೆಂದು ಹೇಳಬೇಕೆ? ಕೇಂದ್ರ ಸರ್ಕಾರ 2016ರ ಜನವರಿ ಒಂದರಿಂದ ಕೆಳಗಿನ ದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನು ಕೈಬಿಟ್ಟಿತು. ಶಿಫಾರಸು, ಲಂಚಗಳ ಬಾಧೆ ಕಡಿಮೆಯಾಗಲೆಂಬುದು ಅದರ ಆಶಯ. ಆಡಳಿತ ಸೇವೆಯ ಪರೀಕ್ಷೆಯಲ್ಲಿ ಒಟ್ಟು 2025 ಅಂಕಗಳಿಗೆ 275 ಇಂದಿಗೂ ಸಂದರ್ಶನದವು. ಬೆಂಗಳೂರಿನಲ್ಲಿಯೂ ಇರುವ ಸೇನೆಯ ಆಯ್ಕೆ ಕೇಂದ್ರದಲ್ಲಿ ಅಭ್ಯರ್ಥಿಯನ್ನು ಐದು ದಿನ ಇರಿಸಿಕೊಂಡು, ಮಾತಿನ ಜೊತೆಗೆ ಗುಂಪಿನಲ್ಲಿ ಕೆಲಸ ಮಾಡಿಸಿ, ಅಡೆತಡೆಗಳನ್ನು ದಾಟಿಸಿ ನೋಡುತ್ತಾರೆ. ಅದು ಕೌಟಿಲ್ಯನ ಪಟ್ಟಿಗೆ ಹೆಚ್ಚು ಹತ್ತಿರ. ಆದರೆ ನನ್ನ ಶನಿವಾರದ ಮಕ್ಕಳಲ್ಲಿ ಬಹುಮಂದಿ ಹೋಗಬೇಕಾದದ್ದು ಅಂಗಡಿ, ಕಾರ್ಖಾನೆ, ಆಸ್ಪತ್ರೆ, ಖಾಸಗಿ ಕಚೇರಿಗಳಿಗೆ. ಅಲ್ಲಿ ಮೇಜಿನ ಆಚೆಗೆ ಯಾರೋ ಕುಳಿತೇ ಇರುತ್ತಾರೆ. ಪದ್ಧತಿ ಸರಿಯಾಗುವವರೆಗೆ ಮಕ್ಕಳು ಕಾಯಲಾರರು.

ಆದ್ದರಿಂದ ಕಲಿಸುತ್ತೇನೆ. ಕಲಿಸುವುದು ಬಹಳ ಸಣ್ಣ ಸಂಗತಿಗಳನ್ನು. ಅರ್ಜಿಯಲ್ಲಿ ಬರೆದ ಪ್ರತಿಯೊಂದು ಮಾತಿಗೂ ಎರಡು ವಾಕ್ಯದ ವಿವರಣೆ ಸಿದ್ಧವಿರಲಿ. ‘ಓದುವುದು ಹವ್ಯಾಸ’ ಎಂದು ಬರೆದವರು ಕೊನೆಗೆ ಓದಿದ ಪುಸ್ತಕದ ಹೆಸರನ್ನಾದರೂ ಬಲ್ಲವರಾಗಿರಲಿ. ಹೋಗುವ ಸ್ಥಳವನ್ನು ಹಿಂದಿನ ದಿನವೇ ನೋಡಿ ಬನ್ನಿ. ಬಸ್ಸಿನ ಹೊತ್ತನ್ನು ವಿಚಾರಿಸಿ. ಪ್ರಮಾಣಪತ್ರಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿಡಿ. ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ, ತಿಳಿದುಕೊಳ್ಳುತ್ತೇನೆ’ ಎಂದು ತಲೆಯೆತ್ತಿ ಹೇಳಲು ಅಭ್ಯಾಸ ಮಾಡಿ. ಇದೇ ಎಲ್ಲಕ್ಕಿಂತ ಕಷ್ಟದ ಪಾಠ. ನಮ್ಮ ಶಾಲೆಗಳಲ್ಲಿ ಗೊತ್ತಿಲ್ಲವೆಂದವನಿಗೆ ಪೆಟ್ಟು ಬಿದ್ದ ಪರಂಪರೆಯುಂಟಷ್ಟೆ. ಕೆಲಸದ ಪ್ರಶ್ನೆ ಬಂದಾಗ ಮನೆಯ ಕೆಲಸವನ್ನೂ ಹೇಳಿ ಎನ್ನುತ್ತೇನೆ. ಬೆಳಗಿನ ಜಾವ ಐದಕ್ಕೆದ್ದು ಹಾಲು ಕರೆದು ಡೈರಿಗೆ ಹಾಕಿ, ಲೆಕ್ಕದ ಪುಸ್ತಕ ನೋಡಿಕೊಂಡು ಕಾಲೇಜಿಗೆ ಬರುವ ಹುಡುಗಿಗೆ ‘ನಿನಗೆ ಅನುಭವವಿದೆಯೇ’ ಎಂದರೆ ‘ಇಲ್ಲ ಸಾರ್’ ಎನ್ನುತ್ತಾಳೆ! ಕೌಟಿಲ್ಯ ಕೆಲಸದಲ್ಲಿ ಕಾಣಬೇಕೆಂದ ಗುಣಗಳು ಅವಳಲ್ಲಿವೆ. ಅವನ್ನು ಮಾತಿಗೆ ತರುವುದಷ್ಟೇ ಬಾಕಿ.

ಹಕಾರದ ವಿಷಯಕ್ಕೆ ಬಂದಾಗ ನನಗೆ ಇಂದಿಗೂ ಧೈರ್ಯ ಸಾಲದು. ತಿದ್ದದಿದ್ದರೆ ಮೇಜಿನಾಚೆಯವರು ನಗುತ್ತಾರೆ. ತಿದ್ದಿದರೆ ನಾನೇ ನಕ್ಕಂತಾಗುತ್ತದೆ. ಕೊನೆಗೆ ತಿದ್ದುತ್ತೇನೆ. ಹೋದ ವರ್ಷ ಹೀಗೆ ತಿದ್ದುತ್ತಿದ್ದಾಗ ಅದೇ ಹುಡುಗಿ ಎದ್ದು ನಿಂತು ಕೇಳಿದಳು: ‘ಹಂಗಾದ್ರೆ ನಮ್ಮವ್ವ ಮಾತಾಡೋದು ತಪ್ಪಾ ಸಾರ್?’

ತರಗತಿ ನಿಶ್ಶಬ್ದವಾಯಿತು. ನಾನು ಹಲಗೆಯ ಮೇಲೆ ‘ಪಾಲು, ಹಾಲು, ಆಲು’ ಎಂದು ಬರೆದೆ. ಸಾವಿರ ವರ್ಷಗಳಲ್ಲಿ ಒಂದು ಶಬ್ದ ನಡೆದ ದಾರಿಯನ್ನು ಹೇಳಿದೆ. ‘ನಿಮ್ಮವ್ವ ತಪ್ಪಲ್ಲಮ್ಮ. ಮೇಜಿನಾಚೆ ಕುಳಿತವರಿಗೆ ಈ ದಾರಿ ಗೊತ್ತಿರುವುದಿಲ್ಲ. ಅಲ್ಲಿ ಹಾಲು ಅನ್ನು. ಮನೆಗೆ ಹೋಗಿ ಆಲು ಅನ್ನು. ನಾಳೆ ನೀನು ಮೇಜಿನ ಆಚೆಗೆ ಕುಳಿತಾಗ ಮಾತ್ರ ಇದನ್ನು ಮರೆಯಬೇಡ’ ಎಂದೆ. ಪರೀಕ್ಷೆಗೆ ಬರುತ್ತದೆಂದು ತಿಳಿದು ಕೆಲವರು ಮೂರು ಶಬ್ದಗಳನ್ನೂ ಬರೆದುಕೊಂಡರು.

ಆ ದಿನದ ಅಭ್ಯಾಸಕ್ಕೆ ಅವಳನ್ನೇ ಪರೀಕ್ಷಕಳನ್ನಾಗಿ ಮೇಜಿನ ಹಿಂದೆ ಕೂರಿಸಿ, ನಾನು ಈಚೆಯ ಕುರ್ಚಿಯಲ್ಲಿ ಕುಳಿತೆ. ಅವಳು ಸ್ವಲ್ಪ ನಾಚಿ, ಆಮೇಲೆ ಗಂಟಲು ಸರಿಮಾಡಿಕೊಂಡು ಮೊದಲ ಪ್ರಶ್ನೆ ಹಾಕಿದಳು: ‘ನೀವು ಈ ಕೆಲಸಕ್ಕೆ ಯಾಕೆ ಬಂದಿರಿ?’

ಸಿದ್ಧತೆಯ ಪಾಠ ಹೇಳುವ ನನಗೆ ಉತ್ತರ ಸಿದ್ಧವಿರಲಿಲ್ಲ. ಮಕ್ಕಳೆಲ್ಲ ನಕ್ಕರು, ಅವಳು ನಗಲಿಲ್ಲ. ಉತ್ತರಕ್ಕಾಗಿ ಕಾಯುತ್ತ ಕುಳಿತಿದ್ದಳು. ಪರೀಕ್ಷಕರು ಹಾಗೆ ಕಾಯಬೇಕೆಂದು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ.